ಅತ್ತೆಗೆ ಬೇಸ್, ಅಳಿಯನಿಗೆ ಕ್ಲಚ್

ಬಡಾವಣೆಯಲ್ಲಿ ಆಕೆಯನ್ನು ಎಲ್ಲರೂ ಬ್ರೇಕ್ ಮೇಡಂ ಎಂದೇ ಕರೆಯುತ್ತಿದ್ದರು. ಜನರಿಗೆ ಕಾರು ಓಡಿಸಲು ಕಲಿಸುವುದು ಆಕೆಯ ಕೆಲಸ. ಆಕೆಯ ಪುಟ್ಟ ಕಾರಿನಲ್ಲಿ ಕಲಿಸುವವರು ಕೂರುವ ಕಡೆಯೂ ಒಂದು ಬ್ರೇಕ್ ಇತ್ತು. ಕಲಿಯುವವರು ತಪ್ಪುವ ಮೊದಲೇ ಆಕೆಯ ಕಾಲು ಅದರ ಮೇಲಿರುತ್ತಿತ್ತು. ಬಾಯಿಯಂತೂ ಕಾಲಿಗಿಂತ ಚುರುಕು. ಆ ಕಾರಿನಲ್ಲಿ ಅತ್ತವರಿದ್ದರು, ಅರ್ಧ ದಾರಿಯಲ್ಲಿ ಇಳಿದು ನಡೆದೇ ಮನೆ ಸೇರಿದವರಿದ್ದರು. ಆದರೂ ಲೈಸೆನ್ಸ್ ಕೈಗೆ ಬಂದಮೇಲೆ ತಮ್ಮ ತಂಗಿ, ತಮ್ಮ, ಮಕ್ಕಳನ್ನೂ ಅಲ್ಲಿಗೇ ಕಳಿಸುತ್ತಿದ್ದರು.

ಗಂಡ ತೀರಿಕೊಂಡ ಮೇಲೆ ಮಗಳು, ಅಳಿಯ ಬಂದು ಮಹಡಿಯಲ್ಲಿ ನೆಲೆಸಿದರು. ಮಗಳು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಅಳಿಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವವನು. ಇರುವೆಗೂ ನೋವಾಗದಂಥ ಮಾತು ಅವನದು. ಸಂಜೆ ಬಂದವನೇ ತಗ್ಗು ದನಿಯ ಬೇಸ್ ಗಿಟಾರ್ ಹಿಡಿದು ಕೂರುತ್ತಿದ್ದ. ಆಗ ಕೆಳಗೆ ಅಡುಗೆಮನೆಯ ಕಪಾಟಿನಲ್ಲಿ ಗಾಜಿನ ಲೋಟಗಳು ಒಂದಕ್ಕೊಂದು ತಾಗಿ ನಡುಗುತ್ತಿದ್ದವು.

ಒಂದು ಸಂಜೆ ಆಕೆ ಜಗಳಕ್ಕೆಂದೇ ಮೆಟ್ಟಿಲು ಹತ್ತಿದಳು. ಬಾಗಿಲಲ್ಲಿ ನಿಂತಾಗ ಅಂಗಾಲಿನಿಂದ ಏನೋ ಮೇಲಕ್ಕೇರಿ ಎದೆಗೂಡಿನಲ್ಲಿ ಬಂದು ಕೂತಂತಾಯಿತು. ಕಿವಿಗಿಂತ ಮೊದಲು ಮೈ ಕೇಳಿಸಿಕೊಂಡಿತ್ತು.

"ಸದ್ದು ಜಾಸ್ತಿ ಆಯ್ತಾ ಅತ್ತೆ? ಕಡಿಮೆ ಮಾಡ್ತೀನಿ," ಎಂದ ಅಳಿಯ, ಎದ್ದು ನಿಂತು.

"ಬೇಡ, ಹಾಗೇ ಇರಲಿ," ಎಂದಳು ಆಕೆ. ಒಳಗೆ ಬಂದು ಗಿಟಾರಿನ ಹತ್ತಿರ ನಿಂತಳು. "ಇದು ನನ್ನ ವಯಸ್ಸಿನವರಿಗೆ ಬರತ್ತಾ?"

"ಯಾಕೆ ಬರಲ್ಲ? ನಾಲ್ಕೇ ತಂತಿ."

ಆ ಮಾತನ್ನು ನಂಬಿದ್ದೇ ತಪ್ಪಾಯಿತು. ಸ್ಟೀರಿಂಗು, ಗೇರು, ಮೂರು ಪೆಡಲು, ಜೊತೆಗೆ ಪಕ್ಕದಲ್ಲೊಬ್ಬ ಹೆದರಿದ ಮನುಷ್ಯ, ಇಷ್ಟನ್ನೂ ಸಂಭಾಳಿಸುವವಳಿಗೆ ನಾಲ್ಕು ತಂತಿ ಯಾವ ಲೆಕ್ಕ ಎಂದುಕೊಂಡಿದ್ದಳು. ಅಳಿಯ ತನ್ನ ಹಳೆಯ ಗಿಟಾರನ್ನು ಕೊಟ್ಟ. ಹೆಗಲಿಗೆ ಹಾಕಿಕೊಂಡರೆ ತುಂಬಿದ ಗ್ಯಾಸ್ ಸಿಲಿಂಡರನ್ನು ನೇತುಹಾಕಿಕೊಂಡ ಹಾಗಿತ್ತು. ತಂತಿಗಳೋ, ತಂತಿಗಳಲ್ಲ, ಕಬ್ಬಿಣದ ಸರಳುಗಳು. ಎಡಗೈಯಲ್ಲಿ ಒತ್ತಿ ಹಿಡಿದರೆ ಬೆರಳ ತುದಿಯಲ್ಲಿ ಗೆರೆ ಬಿದ್ದು, ಗೆರೆ ಕೆಂಪಾಗಿ, ಕೆಂಪು ಬೊಬ್ಬೆಯಾಯಿತು. ಇಷ್ಟೆಲ್ಲ ಮಾಡಿದ ಮೇಲೆ ಬಂದ ಸದ್ದು ಡಬ್ಬಿಯೊಳಗೆ ಸಿಕ್ಕಿಕೊಂಡ ನೊಣದ್ದು.

"ಹೇಗಿತ್ತು?" ಎಂದು ಆಕೆ ಪ್ರತಿಸಲವೂ ಕೇಳುತ್ತಿದ್ದಳು.

"ಚೆನ್ನಾಗಿದೆ ಅತ್ತೆ."

"ನೊಣದ ಥರ ಕೇಳಿಸ್ತಲ್ಲ?"

"ಹಾಗೂ ಚೆನ್ನಾಗಿದೆ. ಬೆರಳನ್ನ ಈ ಲೋಹದ ಪಟ್ಟಿಯಿಂದ ಸ್ವಲ್ಪ ಹಿಂದೆ ಇಟ್ಟು ಒಂದ್ಸಲ ನೋಡ್ತೀರಾ? ಇದು ವಾಸಿನಾ, ಮೊದಲಿಂದು ವಾಸಿನಾ?"

ಅಂಗಡಿಯಲ್ಲಿ ಗಾಜು ಬದಲಿಸಿ ಬದಲಿಸಿ ಗಿರಾಕಿಗಳನ್ನು ಕೇಳುವ ಮಾತನ್ನೇ ಇಲ್ಲೂ ಕೇಳುತ್ತಿದ್ದ. ಯಾವುದು ವಾಸಿ ಎಂದು ನನಗೇ ಗೊತ್ತಿದ್ದರೆ ನಿನ್ನ ಹತ್ತಿರ ಯಾಕೆ ಬರುತ್ತಿದ್ದೆ ಎಂಬ ಮಾತು ಆಕೆಯ ನಾಲಿಗೆಯ ತುದಿಯವರೆಗೆ ಬಂದು ಹಿಂದಿರುಗುತ್ತಿತ್ತು. ಎಷ್ಟಾದರೂ ಅಳಿಯ.

ವಾರಗಳು ಕಳೆದವು. ಒಂದು ತಂತಿ ಮೀಟಿದರೆ ಪಕ್ಕದ ಎರಡು ತಾವೂ ಗುಂಯ್‌ಗುಡುತ್ತಿದ್ದವು. ಆಕೆ ಗಿಟಾರಿನ ಮೇಲೆ ತಪ್ಪು ಹೊರಿಸಿದಾಗ, ಉತ್ತರಪತ್ರಿಕೆ ತಿದ್ದುತ್ತಿದ್ದ ಮಗಳು ತಲೆಯೆತ್ತದೆ, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದಳು.

"ಹಾಗಾದ್ರೆ ನಾನು ಸರಿಯಾಗಿ ನುಡಿಸ್ತಿಲ್ಲ ಅಂತ ನಿನ್ನ ಗಂಡ ಯಾಕೆ ಹೇಳಲ್ಲ?"

"ಅದನ್ನ ಅವರನ್ನೇ ಕೇಳು. ನನ್ನ ಮಧ್ಯಕ್ಕೆ ಎಳೀಬೇಡಮ್ಮ."

ಕೊನೆಗೆ ಆಕೆ ತಾನು ನುಡಿಸಿದ್ದನ್ನು ಫೋನಿನಲ್ಲಿ ಮುದ್ರಿಸಿಕೊಂಡು ಕೇಳಿದಳು. ಮುಖ ಬಿಸಿಯಾಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅನ್ನುತ್ತಾರೆ. ಇಲ್ಲಿ ಕೋಣವೇ ಕಿನ್ನರಿ ಹಿಡಿದು ಕೂತಂತಿತ್ತು. ಇದನ್ನೇ ಅಲ್ಲವೇ ಅವನು ದಿನವೂ ಚೆನ್ನಾಗಿದೆ ಎಂದದ್ದು? ಫೋನು ಹಿಡಿದು ಮಹಡಿಗೆ ಹೋಗಿ ಅವನಿಗೂ ಕೇಳಿಸಿದಳು.

ಅಳಿಯ ಪೂರ್ತಿ ಕೇಳಿಸಿಕೊಂಡ. "ಕಲೀತಾ ಇದ್ದೀರಲ್ಲ ಅತ್ತೆ, ಬರತ್ತೆ," ಎಂದ.

ಆಕೆಗೆ ಗೋಡೆಗೆ ಹಣೆ ಚಚ್ಚಿಕೊಳ್ಳುವಂತಾಯಿತು.

ಇದೇ ಹೊತ್ತಿಗೆ ಮಗಳು ಹೊಸದೊಂದು ತಗಾದೆ ತೆಗೆದಳು. ಅವಳ ಗಂಡ ಹುಟ್ಟಿದಾಗಿನಿಂದ ಸೈಕಲ್ಲು ಬಿಟ್ಟು ಬೇರೇನನ್ನೂ ಓಡಿಸಿದವನಲ್ಲ. ಮನೆಯಲ್ಲೇ ಡ್ರೈವಿಂಗ್ ಕಲಿಸುವ ಅಮ್ಮ ಇರುವಾಗ ಇವನು ಬಸ್ಸಿಗೆ ಕಾಯುವುದೇಕೆ? ಹೀಗೆ ಅಳಿಯನೂ ಆಕೆಯ ಕಾರು ಹತ್ತಿದ.

ಅವನು ಕ್ಲಚ್ಚನ್ನು ಬಿಸಿ ಕೆಂಡದಂತೆ ಮುಟ್ಟುತ್ತಿದ್ದ. ಸರ್ಕಲ್ಲಿನಲ್ಲಿ ಎಲ್ಲರಿಗೂ ದಾರಿ ಬಿಟ್ಟು ಬಿಟ್ಟು ಕೊನೆಗೆ ಎಂಜಿನ್ನನ್ನೇ ಆರಿಸಿಬಿಡುತ್ತಿದ್ದ. ಹಿಂದಿನಿಂದ ಹಾರ್ನುಗಳು ಕೂಗುತ್ತಿದ್ದವು. ಬೇರೆ ಯಾರಾಗಿದ್ದರೂ ಆಕೆ ಅವರ ಏಳು ತಲೆಮಾರನ್ನು ಜಾಲಾಡಿರುತ್ತಿದ್ದಳು. ಇವನ ಮುಂದೆ ಬೈಗುಳ ಬಾಯಲ್ಲಿಟ್ಟ ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಪರವಾಗಿಲ್ಲ, ಮತ್ತೆ ಸ್ಟಾರ್ಟ್ ಮಾಡಿ," ಎನ್ನುತ್ತಿದ್ದಳು, ಹಲ್ಲು ಕಚ್ಚಿ.

"ನಾನು ಸರಿಯಾಗಿ ಓಡಿಸ್ತಿದ್ದೀನಾ ಅತ್ತೆ?"

"ಚೆನ್ನಾಗೇ ಓಡಿಸ್ತಿದ್ದೀರಿ."

ಹಾಗೆಂದ ಮರುಕ್ಷಣ ತನ್ನ ಬಾಯಿಂದ ಬಂದ ಮಾತು ಯಾರದೆಂದು ಹೊಳೆದು ಆಕೆಗೆ ಇನ್ನಷ್ಟು ಕಿರಿಕಿರಿಯಾಯಿತು.

ಒಂದು ಭಾನುವಾರ ಬೆಳಿಗ್ಗೆ, ಔಷಧಿ ಅಂಗಡಿಯ ಎದುರು, ಅಳಿಯ ಪಕ್ಕಕ್ಕೆ ನೋಡದೆ ಕಾರು ತಿರುಗಿಸಿದ. ಬ್ರೆಡ್ಡಿನ ವ್ಯಾನೊಂದು ಗೋಡೆಯಂತೆ ಮುಂದೆ ಬಂತು. ಆಕೆ ಬ್ರೇಕ್ ತುಳಿದಳು. ವ್ಯಾನು ಕೂದಲೆಳೆಯಷ್ಟು ಅಂತರದಲ್ಲಿ ದಾಟಿಹೋಯಿತು.

"ಕತ್ತೆ," ಎಂದಳು ಆಕೆ. "ಕಣ್ಣು ಎಲ್ಲಿಟ್ಟಿದೀಯ? ಊರಿನವರ ಕಣ್ಣೆಲ್ಲ ಪರೀಕ್ಷೆ ಮಾಡ್ತೀಯ, ನಿಂದನ್ನ ಅಂಗಡೀಲೇ ಬಿಟ್ಟು ಬಂದಿದೀಯಾ? ಕನ್ನಡಿ ಇರೋದು ತಲೆ ಬಾಚ್ಕೊಳಕ್ಕಾ? ಇಷ್ಟು ದಿನದಲ್ಲಿ ಕ್ಲಚ್ ಯಾವುದು, ಬ್ರೇಕ್ ಯಾವುದು ಅಂತ ನಿನ್ನ ಕಾಲಿಗೆ ಗೊತ್ತಾಗಿಲ್ಲ. ಚೆನ್ನಾಗಿ ಓಡಿಸ್ತಿದ್ದೀರಿ ಅಂದೆನಲ್ಲ, ಹಸೀ ಸುಳ್ಳು ಅದು."

ಕಾರು ನಡುರಸ್ತೆಯಲ್ಲಿ ನಿಂತಿತ್ತು. ಅಳಿಯ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಎದುರಿಗೇ ನೋಡುತ್ತಿದ್ದ. ಅವನ ಕಿವಿಗಳು ಕೆಂಪಾಗಿದ್ದವು.

"ನಾನೂ ಸುಳ್ಳು ಹೇಳ್ದೆ," ಎಂದ. "ನೀವು ನುಡಿಸೋದನ್ನ ಕೇಳಕ್ಕಾಗಲ್ಲ. ಪಟ್ಟಿಯ ಹಿಂದೆ ಒತ್ತಿ ಅಂದ್ರೆ ಪಟ್ಟಿಯ ಮೇಲೇ ಒತ್ತುತ್ತೀರಿ. ಗಿಟಾರಿನ ಕತ್ತನ್ನ ಕಳ್ಳನ ಕತ್ತು ಹಿಡಿದ ಹಾಗೆ ಹಿಡೀತೀರಿ. ಅದೆಲ್ಲ ಹೋಗಲಿ. ತಾಳಕ್ಕೆ ಕಾಯೋದೇ ಇಲ್ಲ ನೀವು. ಯಾವಾಗಲೂ ಒಂದು ಚೂರು ಮುಂಚೆ ಬಂದುಬಿಡ್ತೀರಿ. ಇಲ್ಲಿ ಬ್ರೇಕ್ ತುಳಿಯೋ ಹಾಗೇ ಅಲ್ಲೂ ತಂತಿ ಮೀಟ್ತೀರಿ, ಇನ್ನೇನು ಅನಾಹುತ ಆಗತ್ತೆ ಅನ್ನೋ ಥರ. ಅಲ್ಲಿ ಯಾವ ವ್ಯಾನೂ ಬರ್ತಿಲ್ಲ ಅತ್ತೆ."

"ಇದನ್ನ ಮೊದಲೇ ಹೇಳಕ್ಕೆ ಏನಾಗಿತ್ತು ನಿಂಗೆ?"

"ನಿಮಗೇನಾಗಿತ್ತು?"

ಹಿಂದಿನ ಕಾರಿನವನು ಇಳಿದು ಬಂದು ಕಿಟಕಿ ತಟ್ಟಿದ. ಇಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿದ ರೀತಿಗೆ ಅವನು ಏನೂ ಕೇಳದೆ ವಾಪಸ್ಸಾದ.

ಮನೆಗೆ ಆಕೆಯೇ ಕಾರು ಓಡಿಸಿಕೊಂಡು ಬಂದಳು. ಆಮೇಲೆ ಕೆಲವು ದಿನ ಮಹಡಿಯವರು ಮಹಡಿಯಲ್ಲಿ, ಕೆಳಗಿನವಳು ಕೆಳಗೆ. "ಇಬ್ಬರನ್ನೂ ಬೆಂಚಿನ ಮೇಲೆ ನಿಲ್ಲಿಸಬೇಕು," ಎಂದು ಮಗಳು ಮೆಟ್ಟಿಲ ನಡುವೆ ನಿಂತು ಹೇಳಿದಳು.

ಆಕೆಗೆ ಸಿಟ್ಟಿತ್ತು. ಕೇಳಲಾಗಲ್ಲ ಎಂದನಲ್ಲ ಎಂಬ ನೋವೂ ಇತ್ತು. ಆದರೆ ಒಂದು ಮಧ್ಯಾಹ್ನ, ಕಲಿಯಲು ಬರಬೇಕಿದ್ದವಳು ಬಾರದೇ ಹೋದಾಗ, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಫೋನಿನಲ್ಲಿ ತಾಳದ ಟಿಕ್‌ಟಿಕ್ ಹಾಕಿದಳು. ಮುಂಚೆ ಬರುತ್ತೀರಿ ಎಂದಿದ್ದನಲ್ಲ, ನೋಡೇಬಿಡೋಣ. ನಿಜವಾಗಿತ್ತು. ಪ್ರತಿ ಟಿಕ್ಕಿಗೂ ಮೊದಲೇ ಬೆರಳು ಹಾರುತ್ತಿತ್ತು. ಕಾಯಲು ನೋಡಿದಳು. ಕಾಯುವುದೆಂದರೆ, ಬ್ರೇಕಿನ ಮೇಲೆ ಕಾಲಿಡದೆ ಇಳಿಜಾರಿನಲ್ಲಿ ಕೂತಂತಾಗಿ ಮೈಯೆಲ್ಲ ಬಿಗಿಯುತ್ತಿತ್ತು. ಗಿಟಾರನ್ನು ಮಂಚದ ಮೇಲೆ ಎಸೆದಳು, ಮುಖ ತೊಳೆದು ಬಂದಳು, ಮತ್ತೆ ತೆಗೆದುಕೊಂಡಳು. ಹೆಬ್ಬೆರಳು ಸಡಿಲಿಸಿದಳು. ಪಟ್ಟಿಯ ಹಿಂದೆಯೇ ಒತ್ತಿದಳು. ಯಾವಾಗಲೋ ಒಮ್ಮೆ ಟಿಕ್ಕೂ ತಂತಿಯೂ ಒಂದೇ ಆಗಿ, ಟಿಕ್ ಕೇಳಿಸಲೇ ಇಲ್ಲ. ಫೋನು ಕೆಟ್ಟಿತೆಂದೇ ಆಕೆ ಮೊದಲು ತಿಳಿದಳು.

ಅಂದು ಸಂಜೆ ಮಹಡಿ ಹತ್ತಿದಳು. ಅಳಿಯ ಎದ್ದು ನಿಂತ.

"ಕೂತ್ಕೊಳ್ಳಿ," ಎಂದಳು. "ನಂಗೆ ಬೈಯೋ ಮೇಷ್ಟ್ರು ಬೇಕು. ನಿಮಗೂ ಬೈಯೋರು ಬೇಕು. ಈ ಕೋಣೇಲಿ ನಾನು ಅತ್ತೆ ಅಲ್ಲ, ಕಾರಲ್ಲಿ ನೀವು ಅಳಿಯ ಅಲ್ಲ. ಊಟಕ್ಕೆ ಕೂತಾಗ ಎಲ್ಲ ಮೊದಲಿನ ಹಾಗೆ. ಆಗಬಹುದಾ?"

ಅಳಿಯ ಯೋಚಿಸಿದ. "ಕತ್ತೆ ಅನ್ನೋದು ಬೇಡ," ಎಂದ.

"ಕತ್ತೆ ಬಿಡ್ತೀನಿ. ಉಳಿದದ್ದಕ್ಕೆ ಮಾತು ಕೊಡಲ್ಲ."

ಮುಂದಿನ ದಿನಗಳು ಸುಖದವೇನಲ್ಲ. ಅಳಿಯನಿಗೆ ಬೈಯುವುದು ಬಾರದು. ತಪ್ಪಾದಾಗ ಕೈಯೆತ್ತಿ "ಮುಂಚೆ ಆಯ್ತು" ಎಂದಷ್ಟೇ ಹೇಳುತ್ತಿದ್ದ. ಒಂದೇ ಸಂಜೆಯಲ್ಲಿ ಅದನ್ನು ಹತ್ತಾರು ಸಲ ಕೇಳುವುದು ಬೈಗುಳಕ್ಕಿಂತ ಕಡೆಯೆನಿಸಿ ಆಕೆ ಎರಡು ಸಲ ಎದ್ದುಹೋದಳು, ಎರಡು ಸಲವೂ ತಾನೇ ಮರಳಿದಳು. ಅವನು ಡ್ರೈವಿಂಗ್ ಪರೀಕ್ಷೆಯಲ್ಲಿ ಮೊದಲ ಸಲ ನಪಾಸಾದ. ಅದು ನ್ಯಾಯವೇ ಎಂದು ಆಕೆ ಊಟದ ಮೇಜಿನಲ್ಲೇ ಹೇಳಿಬಿಟ್ಟು, ಒಪ್ಪಂದ ಮುರಿದದ್ದಕ್ಕೆ ಮಗಳಿಂದ ಬೈಸಿಕೊಂಡಳು. ಎರಡನೇ ಸಲ ಪಾಸಾದ.

ಅಳಿಯನ ಗೆಳೆಯರ ತಂಡ ಟಯರ್ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಅಭ್ಯಾಸ ಮಾಡುತ್ತಿತ್ತು. ಒಂದು ಶನಿವಾರ ಅವನು ಆಕೆಯನ್ನೂ ಕರೆದುಕೊಂಡು ಹೋದ, ತಾನೇ ಕಾರು ಓಡಿಸಿಕೊಂಡು. ಒಂದು ಸರಳ ಹಾಡಿಗೆ ಬೇಸ್ ಆಕೆಯದು. ಡ್ರಮ್ ಬಾರಿಸುವವನು ಒಬ್ಬ ಭರ್ಜರಿ ಆಳು, ಹಗಲಲ್ಲಿ ಬೇಕರಿಯಲ್ಲಿ ಹಿಟ್ಟು ನಾದುವವನು. ಮೊದಲ ಸಲ ಮುಂಚೆಯೇ ಬಂದಳು. ಯಾರೂ ಹೇಳುವ ಮೊದಲೇ ನಿಲ್ಲಿಸಿ, "ನನ್ನ ತಪ್ಪು, ಮತ್ತೆ," ಎಂದಳು. ಎರಡನೇ ಸಲ ಕಾದಳು. ಡ್ರಮ್ಮಿನ ಏಟು ಬಿದ್ದಾಗ ಆಕೆಯ ತಂತಿಯೂ ಅಲ್ಲೇ ಇತ್ತು. ಸಿಮೆಂಟಿನ ನೆಲ ಅಂಗಾಲಿನಡಿ ಗುಂಯ್ ಎಂದಿತು.

ಆದರೆ ಹಾಡಿನ ನಡುವೆ ಬೇಕರಿಯವನು ಹುರುಪಿನಲ್ಲಿ ತಾಳದ ವೇಗ ಮೀರಿ ಓಡತೊಡಗಿದ. ಸ್ವಲ್ಪ ಹೊತ್ತು ತಡೆದುಕೊಂಡ ಆಕೆ ಕೊನೆಗೆ ಕೈಯಿಂದ ತಂತಿಗಳನ್ನು ಮುಚ್ಚಿ ಹಾಡನ್ನು ನಿಲ್ಲಿಸಿದಳು.

"ಎಲ್ಲಿಗೆ ಓಡ್ತಿದೀಯಪ್ಪ? ಒಲೇಲಿ ಏನಾದ್ರೂ ಬಿಟ್ಟು ಬಂದಿದೀಯಾ?"

ಅವನು ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡು ಅಳಿಯನತ್ತ ನೋಡಿದ. ಅಳಿಯ ಗೋಡೆಗೊರಗಿ ನಿಂತು, "ನನ್ನ ನೋಡಬೇಡ, ಅವರು ಹೇಳ್ತಿರೋದು ಸರಿ," ಎಂದ.

"ಸಾರಿ ಮೇಡಂ," ಎಂದ ಬೇಕರಿಯವನು, ನೇರ ಕೂತು.

"ಸಾರಿ ಬೇಡ. ನಿಧಾನವಾಗಿ ಎಣಿಸು," ಎಂದಳು ಆಕೆ. ಅವನು ಕೋಲು ತಟ್ಟಿ ಎಣಿಸಿದ, ಹಾಡು ಮತ್ತೆ ಮೊದಲಿಂದ ಶುರುವಾಯಿತು.