ಉತ್ತರಕ್ಕೆ ಬಿಟ್ಟ ಜಾಗ

ಕೆಮ್ಮು ಬರುವ ತಿರುವು ಹತ್ತಿರವಾದಂತೆ ಚಾಲಕ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದ. ಬಸ್ಸು ತಿರುಗಿತು. ತಲೆಯ ಮೇಲಿನ ಸ್ಪೀಕರಿನಲ್ಲಿ ಕಥೆಮಾವ ಕೆಮ್ಮಿದ. "ಕ್ಷಮಿಸಿ" ಎಂದು ಮತ್ತೆ ಕಥೆ ಎತ್ತಿಕೊಂಡ. ಅವನು ತೀರಿಕೊಂಡು ವರ್ಷದ ಮೇಲಾಗಿತ್ತು.

ವನವಾಸಕ್ಕೆ ಹೊರಟ ಅಣ್ಣ, ಅತ್ತಿಗೆ, ತಮ್ಮ ಈ ದಾರಿಯಲ್ಲೇ ನಡೆದು ಹೋದರೆಂದು ನಂಬಿಕೆ. ಅವರು ನೀರು ಕುಡಿದ ಹೊಳೆ, ಮಲಗೆದ್ದ ಬಂಡೆ, ಅತ್ತಿಗೆ ಕಾಲಿನ ಮುಳ್ಳು ತೆಗೆಸಿಕೊಂಡ ಕಟ್ಟೆ, ಎಲ್ಲದಕ್ಕೂ ಈಗ ಒಂದೊಂದು ಗುಡಿ, ಒಂದೊಂದು ಪಾರ್ಕಿಂಗ್ ಜಾಗ. ಯಾತ್ರಿಕರನ್ನು ಈ ದಾರಿಯುದ್ದಕ್ಕೂ ಕರೆದೊಯ್ದು ಕಥೆ ಹೇಳುವುದರಲ್ಲೇ ಕಥೆಮಾವನ ಆಯುಷ್ಯ ಸವೆದಿತ್ತು. ಗಂಟಲಿಗೆ ಕಾಯಿಲೆ ಬಂದು, ದನಿ ಹೆಚ್ಚು ದಿನ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ ಮೇಲೆ, ಬಸ್ಸಿನ ಮಾಲೀಕ ಇಡೀ ಕಥೆಯನ್ನು ರೆಕಾರ್ಡ್ ಮಾಡಿಸಿದ. ಶೆಡ್ಡಿನಲ್ಲಿ ನಿಲ್ಲಿಸಿದ್ದ ಇದೇ ಬಸ್ಸಿನೊಳಗೆ, ಕಿಟಕಿಗಳನ್ನೆಲ್ಲ ಮುಚ್ಚಿ. ಖಾಲಿ ಸೀಟುಗಳಿಗೆ ಕಥೆ ಹೇಳಲು ತನ್ನಿಂದಾಗದೆಂದು ಕಥೆಮಾವ ಚಾಲಕನನ್ನು ಎದುರಿಗೆ ಕೂರಿಸಿಕೊಂಡಿದ್ದ.

ಕಥೆಯ ನಡುವೆ ಪ್ರಶ್ನೆ ಕೇಳುವುದು ಅವನಿಗೆ ರೂಢಿ. ಕೇಳುತ್ತಿದ್ದ, ಉತ್ತರಕ್ಕಾಗಿ ಕಾಯುತ್ತಿದ್ದ, "ಹೌದು, ಸರಿಯಾಗಿ ಹೇಳಿದಿರಿ" ಎಂದು ಮುಂದುವರಿಸುತ್ತಿದ್ದ. ಮೈಕಿನ ಮುಂದೆ ಬಾಯಿಬಿಡಲು ಸಂಕೋಚಪಟ್ಟು ಚಾಲಕ ಒಂದಕ್ಕೂ ಉತ್ತರಿಸಿರಲಿಲ್ಲ. ಆ ಮೌನಗಳು ರೆಕಾರ್ಡಿನಲ್ಲಿ ಹಾಗೇ ಉಳಿದುಕೊಂಡವು.

ಮೊದಮೊದಲು ಯಾತ್ರಿಕರಿಗೆ ಇದೊಂದು ಮೋಜಾಗಿತ್ತು. ಬೇಕೆಂದೇ ತಪ್ಪು ಉತ್ತರ ಹೇಳಿ, ಅದಕ್ಕೂ ಶಹಬ್ಬಾಸ್‌ಗಿರಿ ಸಿಕ್ಕಾಗ ಬಿದ್ದು ಬಿದ್ದು ನಗುತ್ತಿದ್ದರು. ಸತ್ತವನ ದನಿಯೆಂದು ತಿಳಿದಾಗ ಮಾತ್ರ ನಗು ನಿಲ್ಲುತ್ತಿತ್ತು. ಚಾಲಕನ ಪಾಡು ಇನ್ನೂ ಕಷ್ಟದ್ದು. ಯಾತ್ರೆ ಮುಗಿಸಿ ಖಾಲಿ ಬಸ್ಸನ್ನು ಶೆಡ್ಡಿಗೆ ತರುವಾಗ, ಸ್ಪೀಕರು ಆಫ್ ಆಗಿದ್ದರೂ, ಯಾರೋ ಏನೋ ಕೇಳಿ ತನ್ನ ಬೆನ್ನ ಹಿಂದೆ ಕಾಯುತ್ತಿರುವಂತೆ ಅನಿಸುತ್ತಿತ್ತು. ಕೊನೆಗೆ ಅವನೇ ಮಾಲೀಕನ ಬಳಿ ಹೋಗಿ, ದನಿ ಬದಲಾಯಿಸದಿದ್ದರೆ ತಾನು ಬೇರೆ ಕೆಲಸ ನೋಡಿಕೊಳ್ಳುವುದಾಗಿ ಹೇಳಿದ. ಮಾಲೀಕ ಕಥೆಯನ್ನು ಬೇರೆಯವರಿಂದ ಓದಿಸಿದ. ಮುಂದಿನ ಯಾತ್ರೆಯಿಂದ ಹೊಸ ದನಿ ಎಂದು ತೀರ್ಮಾನವಾಯಿತು.

ಆ ಸುದ್ದಿ ಹೇಗೋ ಕಥೆಮಾವನ ಹೆಂಡತಿಯ ಕಿವಿಗೆ ಬಿತ್ತು. ಆಕೆ ಚಾಲಕನಿಗೆ ಫೋನ್ ಮಾಡಿದರು. ಗಂಡ ಅಷ್ಟು ವರ್ಷ ಓಡಾಡಿದ ದಾರಿಯಲ್ಲಿ ಆಕೆ ಒಮ್ಮೆಯೂ ಬಂದವರಲ್ಲ. ಕೊನೇ ಸಲ ಕೇಳಬೇಕೆಂದು ಆಸೆಯೇನೋ ಎಂದು ಚಾಲಕ ಅಂದದ್ದಕ್ಕೆ, "ಕೊನೇ ಸಲ ಅಲ್ಲಪ್ಪಾ, ನಂಗಿದು ಮೊದಲನೇ ಸಲ. ಒಂದು ಸೀಟು ಇದ್ರೆ ಕೊಡು" ಅಂದರು.

ಹಾಗೆ ಬಂದವರು ಈಗ ಅವನ ಹಿಂದಿನ ಸೀಟಿನಲ್ಲಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಳಬಹುದೆಂದು ಚಾಲಕ ಹೆದರಿದ್ದ. ಆಕೆ ಅಳಲಿಲ್ಲ. ಮನೆಗೆ ತಡವಾಗಿ ಬಂದವರ ನೆಪಗಳನ್ನು ಕೇಳಿಸಿಕೊಳ್ಳುವಂತೆ ಸ್ಪೀಕರನ್ನೇ ನೋಡುತ್ತಿದ್ದರು. ಯಾತ್ರಿಕರ ಜೊತೆಗಿದ್ದ ಹೊಸ ಗೈಡ್‌ಗೆ ಆಕೆಯ ಮೇಲೆ ಮರುಕ ಹುಟ್ಟಿ, ಇದನ್ನೆಲ್ಲ ಫೋನಿಗೆ ಹಾಕಿಕೊಡುತ್ತೇನೆ, ಮನೆಯಲ್ಲಿ ಬೇಕಾದಾಗ ಕೇಳಬಹುದು ಎಂದಳು.

"ಮನೇಲಿ ಬೇಡಮ್ಮ," ಅಂದರು ಆಕೆ. "ಮನೇಲಿ ಅವರು ಇಷ್ಟು ಮಾತಾಡಿದ್ದೇ ಇಲ್ಲ."

ಏರು ಕಡಿದಾಯಿತು. ಕಥೆಮಾವ ಅರಮನೆಯ ಬಾಗಿಲಿಗೆ ಬಂದಿದ್ದ. ಅಣ್ಣ ನಾರುಮಡಿ ಉಟ್ಟು ಹೊರಟ. ನಾನೂ ಬರುತ್ತೇನೆಂದು ಹೆಂಡತಿ ಹಟ ಹಿಡಿದಳು, ಗೆದ್ದಳು. ತಮ್ಮನೂ ಹೊರಟು ನಿಂತ. "ಆದ್ರೆ ತಮ್ಮನಿಗೂ ಒಬ್ಬ ಹೆಂಡತಿ ಇದ್ಲಲ್ಲ," ಎಂದ ಕಥೆಮಾವ. "ಅವಳನ್ನ ಬಾ ಅಂತ ಯಾರೂ ಕರೀಲಿಲ್ಲ. ಗಂಡ ಹೊಸಿಲು ದಾಟೋವಾಗ ಅವಳು ಏನಂದಿರ್ಬಹುದು? ಹೇಳಿ ನೋಡೋಣ."

ಈ ಪ್ರಶ್ನೆಗೆ ಯಾವ ಯಾತ್ರೆಯಲ್ಲೂ ಯಾರೂ ಉತ್ತರ ಕೊಟ್ಟದ್ದಿಲ್ಲ. ಕಥೆಮಾವ ಎಲ್ಲಕ್ಕಿಂತ ಹೆಚ್ಚು ಹೊತ್ತು ಕಾದದ್ದೂ ಇಲ್ಲೇ. ರೆಕಾರ್ಡ್ ಮಾಡಿದ ದಿನ, ಇದನ್ನು ಕೇಳುವಾಗ ಮಾತ್ರ, ಅವನು ಎದುರಿಗಿದ್ದ ತನ್ನನ್ನು ಬಿಟ್ಟು ಶೆಡ್ಡಿನ ಬಾಗಿಲ ಕಡೆ ನೋಡುತ್ತಿದ್ದದ್ದು ಚಾಲಕನಿಗೆ ನೆನಪಾಯಿತು. ಎಂಜಿನ್ ಒಂದೇ ಸಮನೆ ಗುಂಯ್ಗುಡುತ್ತಿತ್ತು.

"ಏನೂ ಅನ್ಲಿಲ್ಲ," ಎಂದರು ಆಕೆ, ಚಾಲಕನ ಬೆನ್ನ ಹಿಂದಿನಿಂದಲೇ. "ಬಟ್ಟೆ ಮಡಚಿ ಕೊಟ್ಲು."

"ಹೌದು," ಎಂದ ಕಥೆಮಾವ. "ಸರಿಯಾಗಿ ಹೇಳಿದಿರಿ."

ಕನ್ನಡಿಯತ್ತ ಕಣ್ಣೆತ್ತಲು ಚಾಲಕನಿಗೆ ಧೈರ್ಯ ಸಾಲಲಿಲ್ಲ.

"ಗೊತ್ತಿತ್ತಾ ನಿಮಗೆ?" ಆಕೆಯ ದನಿ ಈಗ ತೀರ ಇಳಿದಿತ್ತು. ಅಷ್ಟರಲ್ಲಿ ಸ್ಪೀಕರಿನಲ್ಲಿ ಮೂವರೂ ಹೊಳೆ ದಾಟುತ್ತಿದ್ದರು.

ಬೆಟ್ಟದ ಮೇಲೆ ಬಸ್ಸು ನಿಂತಿತು. ಯಾತ್ರಿಕರು ಇಳಿದು ಬಂಡೆಯ ಕಡೆ ನಡೆದರು. ಮಂಡಿನೋವಿನ ನೆಪ ಹೇಳಿ ಆಕೆ ಒಳಗೇ ಉಳಿದರು. ಆ ಭಾಗವನ್ನು ಇನ್ನೊಮ್ಮೆ ಹಾಕಲು ಸಾಧ್ಯವೇ ಎಂದು ಗೈಡನ್ನು ಕೇಳಿದರು. ಗೈಡ್ ಚಾಲಕನ ಮುಖ ನೋಡಿದಳು. ಅವನು ಆಗಲೆಂದು ತಲೆಯಾಡಿಸಿ, ತಾನೇ ಗುಂಡಿ ಒತ್ತಿ, ಗೈಡಿನೊಂದಿಗೆ ಇಳಿದು ಬಾಗಿಲೆಳೆದುಕೊಂಡ.

ಹೊರಗೆ ಮಾತು ಸ್ಪಷ್ಟವಾಗಿ ಕೇಳುತ್ತಿರಲಿಲ್ಲ. ಬಿಸಿಯಾದ ತಗಡಿಗೆ ಕೈಯಿಟ್ಟರೆ ಒಂದು ಗುನುಗು ಮಾತ್ರ ಅಂಗೈಗೆ ತಾಗುತ್ತಿತ್ತು. ಅದು ನಿಲ್ಲುತ್ತಿತ್ತು, ಆಗ ಇನ್ನೊಂದು, ಸಣ್ಣ ದನಿ. ಮತ್ತೆ ಮೊದಲಿನದು. ಕೈ ತೆಗೆಯಬೇಕೆಂದು ಅನಿಸಿದರೂ ಅವನು ತೆಗೆಯಲಿಲ್ಲ.

ಬಿಸಿಲಿಗೆ ಬೆವೆತು ಯಾತ್ರಿಕರು ಹಿಂದಿರುಗಿದರು. ಚಾಲಕ ಬಾಗಿಲಿಗೆ ಅಡ್ಡ ನಿಂತು, ಟೈರಿನಲ್ಲಿ ಗಾಳಿ ಕಮ್ಮಿಯಿದ್ದಂತಿದೆ, ನೋಡುತ್ತೇನೆ ಎಂದ. ಸರಿಯಾಗಿಯೇ ಇದ್ದ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಒತ್ತಿ ನೋಡಿದ. ಮುಂದಿನ ಗುಡಿಗೆ ಹೊತ್ತಾಗುತ್ತದೆಂದು ಯಾರೋ ಗೊಣಗಿದರು. ಟೋಪಿ ಹಾಕಿಕೊಂಡ ಹಿರಿಯರೊಬ್ಬರು ಕಿಟಕಿಯತ್ತ ಬಗ್ಗಿ ನೋಡಿ, "ಒಳಗೆ ಆಯಮ್ಮ ಯಾರ ಹತ್ರ ಮಾತಾಡ್ತಿದಾರೆ?" ಎಂದರು.

ಚಾಲಕ ಟೈರಿನಿಂದ ಕೈ ತೆಗೆಯದೆ ಹೇಳಿದ, "ಮನೆಯವರ ಹತ್ರ."

ಗಾಜಿನಾಚೆ ಆಕೆ ಬೆರಳು ಮಡಚಿ ಮಡಚಿ ಏನನ್ನೋ ವಿವರಿಸುತ್ತಿದ್ದರು. ಥಟ್ಟನೆ ನಿಲ್ಲಿಸಿ, ಕತ್ತು ವಾಲಿಸಿ ಕೇಳಿಸಿಕೊಂಡರು. ಅಲ್ಲವೆಂದು ತಲೆಯಾಡಿಸಿ ಮತ್ತೆ ಶುರು ಮಾಡಿದರು. ಹಿರಿಯರು ಟೋಪಿ ತೆಗೆದು ಪಕ್ಕಕ್ಕೆ ಸರಿದರು. ಬಸ್ಸಿನ ಕಿರಿದಾದ ನೆರಳಿಗೆ ಯಾತ್ರಿಕರು ಒಬ್ಬೊಬ್ಬರಾಗಿ ಬಂದು, ತಗಡಿಗೆ ಬೆನ್ನು ತಾಗದ ಹಾಗೆ, ಸಾಲಾಗಿ ನಿಂತರು. ಯಾರೂ ಬಾಗಿಲು ತಟ್ಟಲಿಲ್ಲ.