ಓಬುಳಮ್ಮ ಗುಡ್ಡೆ ಕೆದರಿದ್ದು

ಕೆಲಸದ ದಿನ ಓಬುಳಮ್ಮ ನೀರು ಕುಡಿಯುತ್ತಿರಲಿಲ್ಲ. ಬೆಳಗ್ಗೆ ಐದಕ್ಕೆ ಉತ್ತರಹಳ್ಳಿಯಲ್ಲಿ ಬಸ್ಸು ಹತ್ತುವ ಮುಂಚೆ ಬಾಯಿ ಮುಕ್ಕಳಿಸಿ ಉಗಿದರೆ ಮುಗಿಯಿತು, ಮಧ್ಯಾಹ್ನ ಎರಡೂವರೆಗೆ ಮನೆ ಸೇರುವ ತನಕ ಗಂಟಲಿಗೆ ಒಂದು ಹನಿ ಇಳಿಸುವುದಿಲ್ಲ. ವ್ರತವೂ ಅಲ್ಲ, ಹರಕೆಯೂ ಅಲ್ಲ. ಬನಶಂಕರಿಯ ಎರಡು ಕ್ರಾಸು, ಒಂದು ಮೇನ್ ರೋಡು ಗುಡಿಸುವ ಹೆಂಗಸಿಗೆ ನಡುವೆ ಒಂದಕ್ಕೆ ಅವಸರವಾದರೆ ಎಲ್ಲಿಗೆ ಹೋಗಬೇಕು, ನೀವೇ ಹೇಳಿ. ಗಂಡಸರಿಗೇನು, ಯಾವ ಕಾಂಪೌಂಡಾದರೂ ಆದೀತು. ಹೋಟೆಲಿನವರು ಯೂನಿಫಾರಂ ಕಂಡ ಕೂಡಲೇ ನಲ್ಲಿಯಲ್ಲಿ ನೀರಿಲ್ಲ ಅನ್ನುತ್ತಾರೆ. ಕ್ರಾಸಿನ ಕೊನೇ ಮನೆಯ ಚೂಡಾಮಣಿ ಆಂಟಿ ಪಾಪ ಒಳ್ಳೆಯವರು, ದಿನಾ ಕಾಫಿಗೆ ಕರೆಯುತ್ತಾರೆ. ಆದರೆ ಕರೆಯುವುದು ಗೇಟಿನವರೆಗೆ. ಹತ್ತೊಂಬತ್ತು ವರ್ಷದಲ್ಲಿ ಓಬುಳಮ್ಮ ಆ ಗೇಟು ದಾಟಿಲ್ಲ, ಹಾಗಾಗಿ ಕಾಫಿಯೂ ಬೇಡ ಅನ್ನುತ್ತಾಳೆ. ಇವಳಿಗೆ ಸಂಕೋಚ ಜಾಸ್ತಿ ಎಂದು ಆಂಟಿ ಅಂದುಕೊಂಡಿದ್ದಾರೆ.

ಕಳೆದ ವರ್ಷ ಸೊಂಟದ ಪಕ್ಕದಲ್ಲಿ ಎದ್ದ ನೋವಿಗೆ ಓಬುಳಮ್ಮ ಮೇನ್ ರೋಡಿನ ನಡುವೆಯೇ ಕುಸಿದು ಕೂತಳು. ಮೂತ್ರಪಿಂಡದಲ್ಲಿ ಕಲ್ಲು. ದಿನಕ್ಕೆ ಮೂರು ಲೀಟರ್ ನೀರು ಕುಡಿಯಬೇಕು, ಇನ್ನೊಂದು ಸಲ ಹೀಗೇ ಬಂದರೆ ಒಂದು ಕಿಡ್ನಿಯ ಆಸೆ ಬಿಡಬೇಕಾಗುತ್ತದೆ ಎಂದು ಡಾಕ್ಟರಮ್ಮ ಬೈದು ಕಳಿಸಿದರು. ಓಬುಳಮ್ಮ ತಲೆಯಾಡಿಸಿ ಬಂದಳು. ಮೂರು ಲೀಟರ್ ಕುಡಿದರೆ ಮೂರು ಲೀಟರ್ ಎಲ್ಲಿ ಬಿಡಬೇಕು ಎಂದು ಕೇಳಲು ನಾಚಿಕೆಯಾಯಿತು.

ಹಾಗೆಂದು ಜಾಗವೇ ಇರಲಿಲ್ಲವೇ? ಇತ್ತು, ಅದೇ ಹೊಟ್ಟೆ ಉರಿಯುವ ಮಾತು. ವಾರ್ಡ್ ಆಫೀಸಿನ ಹಿಂದೆ ಮಹಿಳಾ ಪೌರಕಾರ್ಮಿಕರಿಗೆಂದೇ ಕಟ್ಟಿದ ಒಂದು ಕೋಣೆ, ಅದರೊಳಗೆ ಒಂದು ಶೌಚಾಲಯ, ಗೋಡೆಗೆ ಗ್ರಾನೈಟಿನ ಕಲ್ಲು, ಕಲ್ಲಿನ ಮೇಲೆ ಉದ್ಘಾಟನೆಗೆ ಬಂದವರ ಹೆಸರುಗಳು. ಟೇಪು ಕತ್ತರಿಸಿದ ಸಂಜೆಯೇ ಬೀಗ ಬಿತ್ತು. ಎರಡು ವರ್ಷದಿಂದ ಅಲ್ಲಿ ಹಳೇ ಫ್ಲೆಕ್ಸು, ಕಾಲು ಮುರಿದ ಕುರ್ಚಿಗಳು ಹಾಯಾಗಿ ವಿಶ್ರಾಂತಿ ತೆಗೆದುಕೊಳ್ಳುತ್ತಿವೆ. ಬೀಗದ ಕೈ ಹೆಲ್ತ್ ಇನ್ಸ್‌ಪೆಕ್ಟರ್ ಶಿವರಾಜ್ ಅವರ ಡ್ರಾಯರಿನಲ್ಲಿ. ಕೇಳಿದಾಗೆಲ್ಲ ಮುಂದಿನ ವಾರ ಎಂದರು. ಎಷ್ಟು ಮುಂದಿನ ವಾರಗಳು ಹೋದವೋ, ಲೆಕ್ಕ ಇಟ್ಟವರಿಲ್ಲ.

ಶ್ವೇತಾ ಎಂಬ ಹುಡುಗಿ ಕೆಲಸಕ್ಕೆ ಸೇರಿದ ಮೇಲೆ ವಾರ್ಡಿನಲ್ಲಿ ಸಂಘ ಎಂಬ ಮಾತು ಹುಟ್ಟಿತು. ಅತ್ತೆ ತೀರಿಕೊಂಡು ಆ ಕೆಲಸ ಅವಳಿಗೆ ಬಂದಿತ್ತು. ಪಿಯುಸಿ ಓದಿದವಳು, ನೆಟ್ಟಗೆ ಮಾತಾಡುವವಳು. ಹಾಜರಿ ಹಾಕುವ ಕಟ್ಟೆಯ ಹತ್ತಿರವೇ ನಲವತ್ತೆರಡು ಜನರ ಹೆಸರು ಬರೆಸಿಕೊಂಡಳು. ಮೊದಲು ಹೆದರಿದವಳು ಓಬುಳಮ್ಮ, ಕೊನೆಗೆ ಎಲ್ಲರಿಗಿಂತ ಗಟ್ಟಿಯಾಗಿ ಹೆಬ್ಬೆಟ್ಟು ಒತ್ತಿದವಳೂ ಅವಳೇ. ಕೇಳುವುದು ಒಂದನ್ನೇ, ಆ ಬೀಗದ ಕೈಯನ್ನು, ಎಂದು ಎಲ್ಲರೂ ಒಪ್ಪಿದರು. ಸೋಮವಾರ ಬೆಳಗ್ಗೆ ಆರಕ್ಕೆ ವಾರ್ಡ್ ಆಫೀಸಿನ ಮುಂದೆ ಕೂರುವುದು, ಬೀಗದ ಕೈ ಕೊಡುವವರೆಗೆ ಯಾರೂ ಪೊರಕೆ ಮುಟ್ಟುವುದಿಲ್ಲ.

ಪೊರಕೆಯ ಮಾತನ್ನು ಶ್ವೇತಾ ಎರಡು ಸಲ ಹೇಳಿದಳು. ಕಾರಣವಿತ್ತು. ಇಲ್ಲಿ ಕೆಲಸ ಆಯಿತು ಎನ್ನುವುದಕ್ಕೆ ಬೀದಿ ಸಾಕ್ಷಿಯಲ್ಲ, ಫೋಟೋ ಸಾಕ್ಷಿ. ಮೇಸ್ತ್ರಿ ತಿರುಮಲೇಶ ದಿನವೂ ಗುಡಿಸುವ ಮುಂಚೆ ಒಂದು, ಗುಡಿಸಿದ ಮೇಲೆ ಒಂದು ಫೋಟೋ ತೆಗೆದು ಮೇಲಿನವರ ಗ್ರೂಪಿಗೆ ಕಳಿಸುತ್ತಾನೆ. ಫೋಟೋದ ಮೂಲೆಯಲ್ಲಿ ಜಾಗ, ಗಂಟೆ ಎಲ್ಲ ತಾನೇ ಬಂದು ಕೂರುತ್ತದೆ.

"ನಾವ್ ಬೀದೀಲಿ ಕೂತಿದ್ರೂ ಮೇಲಿನೋರಿಗೆ ಕಾಣ್ಸೋದು ಆ ಫೋಟೋನೇ ಅಕ್ಕ. ಅವತ್ತು ಒಂದು ಫೋಟೋನೂ ಹೋಗ್ಬಾರ್ದು" ಎಂದಳು.

ಸೋಮವಾರ ಎಲ್ಲರೂ ಬಂದರು. ಪೊರಕೆಗಳನ್ನು ಗೇಟಿನ ಪಕ್ಕ ಒರಗಿಸಿ, ಹೊಂಗೆ ಮರದ ಕೆಳಗೆ ಸಾಲಾಗಿ ಕೂತರು. ಹಗುರಾಗಿ ಹರಟೆಯೂ ನಡೆಯಿತು. ಎಂಟರ ಹೊತ್ತಿಗೆ ಚಿತ್ರಾನ್ನದ ಪೊಟ್ಟಣ ಬಂತು, ಟೀ ಬಂತು. ತಿಂದ ಮೇಲೆ ಕೇಳಬೇಕೆ, ನಲವತ್ತೆರಡು ಪೊಟ್ಟಣ, ನಲವತ್ತೆರಡು ಪೇಪರ್ ಕಪ್ಪು, ಸಾಲದ್ದಕ್ಕೆ ಬೆಳಗಿನಿಂದ ಬಿಡದೆ ಉದುರುತ್ತಿದ್ದ ಹೊಂಗೆ ಹೂವು. ಓಬುಳಮ್ಮನಿಗೆ ಮೈಯೆಲ್ಲ ತುರಿಸಿದಂತಾಯಿತು. ಕಣ್ಣು ಮುಚ್ಚಿ ಕೂತಳು. ಕಣ್ಣು ಬಿಟ್ಟರೆ ಕಸ ಅಲ್ಲೇ ಇತ್ತು.

ಅಷ್ಟರಲ್ಲಿ ವಾಕಿಂಗ್ ಮುಗಿಸಿದ ಜಯಸಿಂಹ ಅಂಕಲ್ ಬಂದರು. ನಿವೃತ್ತ ಬ್ಯಾಂಕ್ ಅಧಿಕಾರಿ. ಬೀದಿಯಲ್ಲಿ ಒಂದು ಎಲೆ ಬಿದ್ದರೂ ಫೋಟೋ ತೆಗೆದು ಪಾಲಿಕೆಯ ದೊಡ್ಡವರೆಲ್ಲ ಇರುವ ಬಡಾವಣೆಯ ಗ್ರೂಪಿಗೆ ಹಾಕುವ ಮಹಾನುಭಾವರು. ನಿಂತು ನೋಡಿ, ಗುಡಿಸೋರೇ ಹಿಂಗ್ ಗಲೀಜು ಮಾಡ್ಕೊಂಡ್ ಕೂತ್ರೆ ಹೆಂಗಮ್ಮ ಎಂದು ಓಬುಳಮ್ಮನನ್ನೇ ಕೇಳಿ ಮುಂದೆ ಹೋದರು.

ಆ ಮಾತು ಅವಳಿಗೆ ಚುರುಕ್ ಎಂದಿತು. ಹತ್ತೊಂಬತ್ತು ವರ್ಷದಲ್ಲಿ ಅವಳ ಬೀದಿಯ ಬಗ್ಗೆ ಯಾರೂ ಗಲೀಜು ಎಂದಿರಲಿಲ್ಲ. ಶ್ವೇತಾ ಒಳಗೆ ಯಾರೊಂದಿಗೋ ಮಾತಾಡಲು ಹೋಗಿದ್ದಳು. ಓಬುಳಮ್ಮ ಎದ್ದದ್ದು ಯಾವಾಗ, ಪೊರಕೆ ಕೈಗೆ ಬಂದದ್ದು ಯಾವಾಗ, ಅವಳಿಗೇ ತಿಳಿಯದು, ಹರಟೆಯಲ್ಲಿದ್ದವರಿಗೂ ತಿಳಿಯಲಿಲ್ಲ. ಮರದ ಬುಡದಿಂದ ಗೇಟಿನವರೆಗೆ ನೀಟಾಗಿ ಗುಡಿಸಿ, ಪೊಟ್ಟಣ, ಕಪ್ಪು, ಹೂವು ಎಲ್ಲ ಸೇರಿಸಿ ಒಂದು ಗುಡ್ಡೆ ಮಾಡಿದಳು. ಜೀವಕ್ಕೆ ಎಷ್ಟೋ ಹಾಯೆನಿಸಿತು. ತಲೆಯೆತ್ತಿದರೆ ಎದುರಿಗೆ ತಿರುಮಲೇಶ, ಮೊಬೈಲು ಹಿಡಿದು ನಗುತ್ತಿದ್ದಾನೆ.

ಅರ್ಧ ಗಂಟೆಗೆ ಶಿವರಾಜ್ ಹೊರಗೆ ಬಂದರು, ಹಿಂದೆಯೇ ಶ್ವೇತಾ. ಕೆಟ್ಟ ಮನುಷ್ಯರೇನಲ್ಲ, ತಮಗೆ ತೊಂದರೆಯಾಗದಂತೆ ಬದುಕಿದವರು. ಮೊಬೈಲನ್ನು ಎಲ್ಲರಿಗೂ ಕಾಣುವಂತೆ ಹಿಡಿದರು. ಬಗ್ಗಿದ ಓಬುಳಮ್ಮ, ಪೊರಕೆ, ಗುಡ್ಡೆ, ಮೂಲೆಯಲ್ಲಿ ಒಂಬತ್ತು ಗಂಟೆ ಹತ್ತು ನಿಮಿಷ. ಕೂತಿದ್ದವರು ಮಾತ್ರ ಫೋಟೋದಲ್ಲಿ ಎಲ್ಲೂ ಇಲ್ಲ.

"ವಾರ್ಡಲ್ಲಿ ಕೆಲ್ಸ ನಡೀತಿದೆ ಅಂತ ಮೇಲೆ ರಿಪೋರ್ಟ್ ಹೋಗಿದೆ. ಸ್ಟ್ರೈಕೇ ಇಲ್ಲ ಅಂದ್ಮೇಲೆ ನಾನ್ ಏನಂತ ಮಾತಾಡ್ಲಿ? ಎದ್ದು ಹೋಗಿ."

ನಲವತ್ತೊಂದು ಜೊತೆ ಕಣ್ಣು ಓಬುಳಮ್ಮನ ಮೇಲೆ ಬಿದ್ದವು. ಹನ್ನೆರಡು ವರ್ಷ ಪಕ್ಕದ ಬೀದಿ ಗುಡಿಸಿದ, ಒಂದೇ ಡಬ್ಬಿಯಲ್ಲಿ ಉಂಡ ಉಮಾಮಹೇಶ್ವರಿ ಮುಖ ಆ ಕಡೆ ತಿರುಗಿಸಿಕೊಂಡಳು. ಶ್ವೇತಾ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಸುಮ್ಮನೆ ಕಣ್ಣೊರೆಸಿಕೊಂಡಳು, ಅದನ್ನು ನೋಡಿ ಓಬುಳಮ್ಮನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಹಿಂದಿನ ಸಾಲಿನ ಇಬ್ಬರು ಆಗಲೇ ಪೊರಕೆಗೆಂದು ಎದ್ದಿದ್ದರು.

ಓಬುಳಮ್ಮ ಗುಡ್ಡೆಯ ಹತ್ತಿರ ಹೋಗಿ ನಿಂತಳು. ಚೆನ್ನಾಗಿ ಕೂಡಿದ ಗುಡ್ಡೆ, ಅಂಚಿನಲ್ಲಿ ಒಂದು ಹೂವೂ ಚೆಲ್ಲಿರಲಿಲ್ಲ. ಕೈಯಲ್ಲಿದ್ದ ಪೊರಕೆಯನ್ನು ತಿರುಗಿಸಿ ಹಿಡಿದಳು. ಬೆಳೆದ ಮಗ ಕುಡಿದು ಬಂದು ಹೊಡೆದಾಗಲೂ ಅಳದವಳು ಈಗ ಅತ್ತಳು. ಅಳುತ್ತಲೇ ಆ ಗುಡ್ಡೆಯನ್ನು ಕೆದರಿದಳು. ಗೇಟಿನ ತನಕ, ಮೆಟ್ಟಿಲ ತನಕ, ಶಿವರಾಜರ ಬೂಟಿನ ತನಕ ಹರಡಿದಳು. ಒಂದು ಕಪ್ಪು ಉರುಳಿ ಹೋಗಿ ಮೋರಿಯ ಅಂಚಿನಲ್ಲಿ ನಿಂತಿತು. ಆಮೇಲೆ ಪೊರಕೆ ಕೆಳಗಿಟ್ಟು, ಕಸದ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತಳು.

"ಮೇಸ್ತ್ರಿ, ಈಗ ಇನ್ನೊಂದ್ ಫೋಟೋ ತೆಗಿಯಪ್ಪ. ಇವತ್ತಿಗೆ ಗುಡ್ಸಿದ್ ಮೇಲಿನ್ ಫೋಟೋ ಇದೇ."

ತಿರುಮಲೇಶ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಉಮಾಮಹೇಶ್ವರಿ ಎದ್ದು ಬಂದಳು, ಓಬುಳಮ್ಮನ ಪಕ್ಕ ಕಸದಲ್ಲೇ ಕೂತು ಅವಳ ಮೊಣಕಾಲ ಮೇಲೆ ಕೈಯಿಟ್ಟಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಬಂದರು, ಎದ್ದು ನಿಂತಿದ್ದ ಆ ಇಬ್ಬರೂ.

ಮೇಸ್ತ್ರಿ ತೆಗೆಯದಿದ್ದರೇನು, ಹಾಲು ತೆಗೆದುಕೊಂಡು ಅದೇ ದಾರಿಯಲ್ಲಿ ವಾಪಸು ಬಂದ ಜಯಸಿಂಹ ಅಂಕಲ್ ತೆಗೆದರು. ವಾರ್ಡ್ ಆಫೀಸಿನ ಬೋರ್ಡು, ಅದರ ಕೆಳಗೆ ಕಸ, ಕಸದಲ್ಲಿ ನಲವತ್ತೆರಡು ಜನ, ಮೆಟ್ಟಿಲ ಮೇಲೆ ಶಿವರಾಜ್, ಒಬ್ಬರನ್ನೂ ಬಿಡದೆ ಹಿಡಿದು ಗ್ರೂಪಿಗೆ ಹಾಕಿದರು. ಇವರ ಮೇಲಿನ ಪ್ರೀತಿಗಲ್ಲ, ಗಲೀಜಿನ ಮೇಲಿನ ಸಿಟ್ಟಿಗೆ. ಹತ್ತು ನಿಮಿಷದಲ್ಲಿ ಶಿವರಾಜರ ಫೋನು ಹೊಡೆದುಕೊಂಡಿತು. ಸಾರ್, ಸಾರ್ ಎಂದಷ್ಟೇ ಕೇಳಿಸಿತು. ಕೆಲಸ ನಡೆಯುತ್ತಿದೆ ಎಂದು ಕಳಿಸಿದ್ದ ಫೋಟೋಕ್ಕೆ ಈಗ ಅವರು ಏನು ಉತ್ತರ ಕೊಡಬೇಕು. ಒಳಗೆ ಹೋಗಿ ಡ್ರಾಯರ್ ಎಳೆದರು, ಬಂದು ಬೀಗದ ಕೈಯನ್ನು ಶ್ವೇತಾಳ ಅಂಗೈಯಲ್ಲಿಟ್ಟರು. ಇನ್ನು ಇದು ನಿಮ್ಮ ಹತ್ರಾನೇ ಇರ್ಲಿ ಎಂದು ಮೆಲ್ಲಗೆ ಅಂದರು.

ತುಕ್ಕು ಹಿಡಿದ ಬೀಗಕ್ಕೆ ಎಣ್ಣೆ ಬಿಟ್ಟು ತೆಗೆಯಬೇಕಾಯಿತು. ಕುರ್ಚಿ, ಫ್ಲೆಕ್ಸು ಹೊರಗೆ ಬಂದವು, ನಲ್ಲಿ ನಾಲ್ಕು ಸಲ ಕೆಮ್ಮಿ ನೀರು ಬಿಟ್ಟಿತು. ಮೊದಲು ನೀನ್ ಹೋಗಕ್ಕ ಎಂದು ಎಲ್ಲರೂ ಓಬುಳಮ್ಮನನ್ನು ಮುಂದಕ್ಕೆ ದೂಡಿದರು.

ಅವಳು ಹೊಸ್ತಿಲಲ್ಲಿ ನಿಂತಳು. ನನಗೀಗ ಏನೂ ಇಲ್ಲ, ಬೆಳಗಿನಿಂದ ಏನಾದರೂ ಕುಡಿದಿದ್ದರೆ ತಾನೇ ಎಂದಳು. ಯಾರೂ ನಗಲಿಲ್ಲ. ಅಲ್ಲಿದ್ದ ಹೆಂಗಸರು ಯಾರೂ ಕುಡಿದಿರಲಿಲ್ಲ, ತಂದ ಟೀಯನ್ನೂ ತುಟಿಗೆ ಸೋಕಿಸಿ ಮರದ ಬುಡಕ್ಕೆ ಚೆಲ್ಲಿದ್ದರು.

ಶ್ವೇತಾ ಬೆಳಗ್ಗೆ ತುಂಬಿಸಿ ತಂದ ನೀರಿನ ಬಾಟಲಿ ಅವಳ ಚೀಲದಲ್ಲಿ ಹಾಗೇ ಇತ್ತು. ಓಬುಳಮ್ಮ ಅವಳ ಕಡೆ ಕೈ ಚಾಚಿದಳು.

"ನಿನ್ ಬಾಟ್ಲಿ ಕೊಡವ್ವ ಇಲ್ಲಿ."

ಬೆಳಗ್ಗೆ ಹನ್ನೊಂದು ಗಂಟೆ, ಕೆಲಸದ ದಿನ. ಮೈಮೇಲೆ ಯೂನಿಫಾರಂ ಇತ್ತು. ಅವಳು ತಲೆಯೆತ್ತಿ, ಕಣ್ಣು ಮುಚ್ಚಿ, ನಿಧಾನವಾಗಿ ಕುಡಿಯತೊಡಗಿದಳು, ಬಾಟಲಿ ಬರಿದಾಗುವವರೆಗೂ ಕುಡಿದಳು.