ಬ್ರೇಕ್ ಹಾಕಿದ್ದು ಯಾರು

ಕಾರು ನನ್ನದು, ಲೈಸೆನ್ಸ್ ನನ್ನದು, ಕೀಲಿ ಮಾತ್ರ ಅಪ್ಪನ ಜೇಬಿನಲ್ಲಿ. ಹೊಸ ಕಾರು ಮನೆಯ ಮುಂದೆ ನಿಂತಿದ್ದರೂ ನಾನು ದೇವದುರ್ಗದಿಂದ ರಾಯಚೂರಿಗೆ ಬಸ್ಸಿನಲ್ಲೇ ಜೋತಾಡಿಕೊಂಡು ಹೋಗುತ್ತಿದ್ದೆ. ಅಲ್ಲಿ ಬೀಜ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ನನ್ನ ಕೆಲಸ. ಯಾವ ಕಾಳು ಮೊಳಕೆ ಒಡೆಯುತ್ತದೆ, ಯಾವುದು ಒಡೆಯುವುದಿಲ್ಲ ಎಂದು ದಿನವೂ ನೋಡುವ ನನ್ನನ್ನು ಅಪ್ಪ ಇನ್ನೂ ಮೊಳಕೆ ಒಡೆಯದ ಕಾಳಿನ ಹಾಗೆ ನೋಡುತ್ತಿದ್ದ.

ಅಪ್ಪ ಮಾರೆಪ್ಪ ದೇವದುರ್ಗ, ಗಬ್ಬೂರು, ರಾಯಚೂರು ದಾರಿಯಲ್ಲಿ ಮೂವತ್ತು ವರ್ಷ ಬಾಡಿಗೆಯ ಕ್ರೂಸರ್ ಜೀಪು ಓಡಿಸಿದವನು. ಭತ್ತದ ಸುಗ್ಗಿ ಬಂದರೆ ಕೂಲಿ ಮಂದಿಯನ್ನು ತುಂಬಿಕೊಂಡು ಮಾನ್ವಿ ಕಡೆಗೂ ಹೋಗುತ್ತಿದ್ದ. ಮೊಣಕಾಲು ಕೈಕೊಟ್ಟ ಮೇಲೆ ಗಾಡಿ ಮಾರಿದ, ಚಾಳಿ ಮಾತ್ರ ಉಳಿಯಿತು. ಯಾರ ಗಾಡಿಯಲ್ಲಿ ಮುಂದೆ ಕುಳಿತರೂ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತದೆ. ಒಮ್ಮೆ ಮದುವೆಯ ಗಾಡಿಯಲ್ಲಿ ಹೀಗೆ ಒತ್ತಿ ಒತ್ತಿ ಕಾಲ ಬಳಿ ಇಟ್ಟಿದ್ದ ಬೀಗರ ಹಪ್ಪಳದ ಚೀಲವನ್ನೇ ಪುಡಿ ಮಾಡಿದ್ದ.

ನನ್ನ ಕಾರಿಗೆ ಏನಾದರೂ ಅಡ್ಡ ಬಂದರೆ ಅದು ತಾನೇ ಬ್ರೇಕ್ ಹಾಕುತ್ತದೆ ಎಂದು ತಿಳಿದ ದಿನದಿಂದ ಅಪ್ಪನಿಗೆ ಅದೇ ಧ್ಯಾನ. ಬೆಳಿಗ್ಗೆ ಚಹಾ ಲೋಟ ಹಿಡಿದುಕೊಂಡೇ ಕಾರಿನ ಸುತ್ತ ತಿರುಗುತ್ತಿದ್ದ.

"ಇದರ ಕಣ್ಣು ಎಲ್ಲಿ ಅದ?"

ಮುಂದಿನ ಗಾಜಿನ ಒಳಗಿದ್ದ ಕ್ಯಾಮೆರಾ ತೋರಿಸಿದೆ. ಮುಖ ಹತ್ತಿರ ತಂದು ಅದನ್ನೇ ದಿಟ್ಟಿಸಿದ.

"ಧೂಳ ಬಿದ್ರ?"

"ಒರಸಬೇಕು."

"ಎತ್ತಿನ ಬಂಡಿ ಗುರ್ತು ಹಿಡಿತದೇನು? ಇದನ್ನ ಮಾಡಿದವ್ರು ಎತ್ತು ನೋಡ್ಯಾರೇನು?"

ಅದು ನನಗೂ ಗೊತ್ತಿರಲಿಲ್ಲ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಮನುಷ್ಯನ ಚಿತ್ರ ಇತ್ತು, ಸೈಕಲ್ಲಿನದೂ ಇತ್ತು, ಎತ್ತು ಇರಲಿಲ್ಲ.

ಕೊನೆಗೆ ಅಪ್ಪನೇ ಶರತ್ತು ಹಾಕಿದ. "ಐತವಾರ ರಾಯಚೂರಿಗೆ ಹೋಗಿ ಬರೋಣು. ನಾ ಬಾಜೂಕ ಕುಂದರ್ತೀನಿ. ನನ್ನ ಕಾಲು ಸುಮ್ಮ ಇತ್ತಂದ್ರ ಮರುದಿನದಿಂದ ನೀ ಒಬ್ಬಾಕಿ ಹೋಗು. ಇಲ್ಲಂದ್ರ ಬಸ್ಸು ಅದ."

ಅವ್ವ ಹುಲಗೆಮ್ಮ ಅಡುಗೆಮನೆಯಿಂದಲೇ, "ಆ ಕಾಲು ಸುಮ್ಮ ಇದ್ದಿದ್ದು ನಾ ಒಂದಿನಾನೂ ನೋಡಿಲ್ಲ ಬಿಡು" ಅಂದಳು.

ಭಾನುವಾರ ಹೊರಟೆವು. ನಾನು ರಸ್ತೆಯ ಬಿಳಿ ಗೆರೆ ದಾಟಿದಾಗಲೆಲ್ಲ ಎಚ್ಚರಿಸುವಂತೆ ಸ್ಟೀರಿಂಗ್ ಸಣ್ಣಗೆ ನಡುಗುತ್ತಿತ್ತು. ಅಪ್ಪ ಅದರ ಮೇಲೆ ಒಂದು ಬೆರಳಿಟ್ಟು ಆ ನಡುಕ ನೋಡಿದ. ಮುಂದೆ ಗೆರೆ ಅಳಿಸಿಹೋದ ರಸ್ತೆಯಲ್ಲಿ ಅದು ಸುಮ್ಮನಾಯಿತು. "ಗೆರಿ ಇಲ್ಲದ ಕಡಿ ಇದಕ್ಕೂ ತೋಚಂಗಿಲ್ಲ" ಎಂದು ನಕ್ಕ. ಅವನ ಕಾಲು ಅಲುಗದೆ ಬಿದ್ದಿತ್ತು. ನನಗೆ ಒಳಗೊಳಗೇ ಹಿಗ್ಗು.

ಗಬ್ಬೂರು ದಾಟಿದ ಮೇಲೆ ಜಾಲಿಯ ಮರೆಯಿಂದ ಒಂದು ಆಡು ರಸ್ತೆಗೆ ಜಿಗಿಯಿತು. ಕೆಂಪು ದೀಪ, ಕಿವಿಗಡಚಿಕ್ಕುವ ಸದ್ದು, ಬೆಲ್ಟು ಎದೆಗೆ ಕಚ್ಚಿತು, ಕಾರು ನಿಂತಿತು. ಆಡು ನಮ್ಮನ್ನೊಮ್ಮೆ ನೋಡಿ ಗತ್ತಿನಿಂದ ಆಚೆ ಹೋಯಿತು.

"ಬ್ರೇಕ್ ನೀ ಹಾಕಿದ್ಯೋ, ಗಾಡಿ ಹಾಕಿತೋ?" ಅಪ್ಪ ಕೇಳಿದ.

ಕೆಳಗೆ ನೋಡಿದೆ. ನನ್ನ ಕಾಲು ಬ್ರೇಕಿನ ಮೇಲೆಯೇ ಇತ್ತು. ಆದರೆ ಮೊದಲು ಒತ್ತಿದ್ದು ನಾನೋ ಅದೋ?

"ಗೊತ್ತಿಲ್ಲಪ್ಪ."

"ನಿನ್ನ ಕಾಲು ಮಾಡಿದ್ದು ನಿನಗ ಗೊತ್ತಿಲ್ಲೇನು?"

ಅವನ ಕಾಲೂ ನೆಲಕ್ಕೆ ಒತ್ತಿಕೊಂಡಿತ್ತು. ಅದನ್ನು ನಾನು ನೋಡಿದ್ದನ್ನು ಅವನೂ ನೋಡಿದ. "ಮೂರು ಮಂದಿ ಹಾಕೀವಿ. ಯಾರದು ಹತ್ತಿತೋ ಆ ಆಡಿಗೇ ಗೊತ್ತು" ಅಂದು ಕಾಲನ್ನು ಹಿಂದಕ್ಕೆಳೆದುಕೊಂಡ.

ಸೋತೆ ಎನ್ನುವುದಕ್ಕಿಂತ, ಗೊತ್ತಿಲ್ಲ ಎಂದದ್ದೇ ನನ್ನನ್ನು ಕೊರೆಯುತ್ತಿತ್ತು. ಕಾರು ತಾನೇ ಬ್ರೇಕ್ ಹಾಕದಿದ್ದರೆ ನಾನು ನಿಲ್ಲಿಸುತ್ತಿದ್ದೆನೋ ಇಲ್ಲವೋ? ರಾಯಚೂರಿನಲ್ಲಿ ಮಿರ್ಚಿ ಬಜ್ಜಿ ತಿಂದ ಮೇಲೆ, ಅವ್ವನಿಗೆ ಎಲೆ ಅಡಿಕೆ ತರಲು ಅಪ್ಪ ಹೋದಾಗ, ಕಾರು ಚಾಲೂ ಮಾಡಿ ಪರದೆ ಒತ್ತಿ ಒತ್ತಿ ಆ ತಾನೇ ಹಾಕುವ ಬ್ರೇಕನ್ನು ಬಂದ್ ಮಾಡಿದೆ. ಅಪ್ಪನಿಗೆ ಹೇಳಲಿಲ್ಲ. ಶರತ್ತು ಹೇಗೂ ಹೋಗಿತ್ತು, ನನಗಾದರೂ ಉತ್ತರ ಸಿಗಲಿ ಅನ್ನಿಸಿತು.

ವಾಪಸು ಹೊರಟು ರಾಯಚೂರು ದಾಟುತ್ತಿದ್ದಂತೆ ಗೊರಕೆ ಕೇಳಿಸಿತು. ತಿರುಗಿ ನೋಡಿದರೆ ಅಪ್ಪ ಬಾಯಿ ತೆರೆದು ಮಲಗಿದ್ದಾನೆ. ಮುಂದಿನ ಸೀಟಿನಲ್ಲಿ ಕುಳಿತವನು ಕಣ್ಣು ಮುಚ್ಚಬಾರದು, ಡ್ರೈವರಿಗೂ ನಿದ್ದೆ ಬರುತ್ತದೆ ಎಂದು ಊರಿಗೆಲ್ಲ ಹೇಳುವ ಮನುಷ್ಯ! ನನಗೆ ಸಿಟ್ಟು ನೆತ್ತಿಗೇರಿತು. ಆಡಿನ ಮುಂದೆ ಒಮ್ಮೆ ನಿಂತ ಯಂತ್ರದ ಮೇಲೆ ಇಷ್ಟು ನಂಬಿಕೆ, ಹುಟ್ಟಿದಾಗಿನಿಂದ ನೋಡಿದ ಮಗಳ ಮೇಲೆ ಇಲ್ಲ. ಎಬ್ಬಿಸಿ ನಿಜ ಹೇಳಿಬಿಡೋಣ ಅಂದುಕೊಂಡೆ.

ಅಷ್ಟರಲ್ಲಿ ಹೊಲದ ದಾರಿಯಿಂದ ಹತ್ತಿ ಹೇರಿದ ಟ್ರ್ಯಾಕ್ಟರು ಹಿಂದುಮುಂದು ನೋಡದೆ ರಸ್ತೆಗೆ ಬಂತು. ನನ್ನ ಕಾಲು ಬ್ರೇಕಿಗೆ ಹೋದದ್ದು, ಒತ್ತಿದ್ದು, ವೇಗ ಇಳಿದದ್ದು ಎಲ್ಲವೂ ಈ ಸಲ ನನಗೆ ಗೊತ್ತಾಯಿತು. ಕಾರು ಹದವಾಗಿ ನಿಂತಿತು. ಪಕ್ಕದಲ್ಲಿ ಅಪ್ಪನ ಕಾಲು ಚಾಚಿದಲ್ಲೇ ಚಾಚಿತ್ತು, ಗೊರಕೆಯೂ ನಿಲ್ಲಲಿಲ್ಲ. ಇದನ್ನು ನೋಡಬೇಕಾದವನೇ ನೋಡಲಿಲ್ಲವಲ್ಲ ಎಂದು ಅಳು ಬಂದಂತಾಯಿತು.

ಮನೆಯ ಮುಂದೆ ಕಾರು ನಿಲ್ಲಿಸಿದಾಗ ಎದ್ದ. ಮುಖ ಒರೆಸಿಕೊಂಡು, "ಅದನ್ನ ಬಂದ್ ಮಾಡಿದ್ಯಲ್ಲ?" ಅಂದ.

ನಾನು ಗಾಬರಿಯಾದೆ. "ನಿನಗ ಹೆಂಗ ಗೊತ್ತಾತು?"

"ರಾಯಚೂರಾಗ ಗಾಡಿ ಹತ್ತಿದ ಕೂಡ್ಲೇ ನೋಡಿದೆ. ನಿನ್ನ ಮುಂದ ಹಳದಿ ದೀಪ ಹತ್ತಿತ್ತು, ಹೋಗೋವಾಗ ಇದ್ದಿಲ್ಲ. ಅಷ್ಟೂ ನೋಡ್ಲಿಲ್ಲಂದ್ರ ನಾ ಎಂಥಾ ಡ್ರೈವರ್?"

ಅಂದರೆ ಗೊತ್ತಿದ್ದೇ ಮಲಗಿದ್ದ. ದಾರಿಯುದ್ದಕ್ಕೂ ಅವನನ್ನು ಒಳಗೊಳಗೇ ಬೈದದ್ದು ನೆನೆದು ನಾಚಿಕೆಯಾಯಿತು.

"ನಾಳಿ ಒಬ್ಬಾಕಿ ಹೋಗು" ಎಂದು ಇಳಿಯಲು ಕಾಲು ಹೊರಗಿಟ್ಟ. "ಅದನ್ನ ಮಾತ್ರ ಚಾಲೂ ಮಾಡ್ಕೊಂಡು ಹೋಗು."

"ಯಾಕಪ್ಪ? ಅದಿಲ್ಲದನ ಕರ್ಕೊಂಡು ಬಂದೆನಲ್ಲ."

"ನಿನ್ನ ಬಾಜೂಕ ಕುಂತ್ರ ನನಗ ನಿದ್ದಿ ಬರ್ತದವ್ವಾ. ನೀ ಒಬ್ಬಾಕಿ ದಾರ್ಯಾಗ ಇದ್ದಾಗ, ಮನ್ಯಾಗ ಕುಂತಾವ ನಾ ಯಾವ ಬ್ರೇಕ್ ಒತ್ತಲಿ?"